ಹುಳು ಸಾಯಿಸುವ ಬದನೆ ತಿಂದರೆ ನಮಗೇನಾಗುತ್ತದೆ?

ಪ್ರಶ್ನೆ: ಬಿಟಿ ಬೆಳೆಯಲ್ಲಿ ಹುಳು ಸಾಯಿಸುವ ವಿಷ ಗಿಡದೊಳಗೇ ಇರುತ್ತದಂತೆ. ಹುಳುವೇ ಸತ್ತರೆ, ತಿಂದ ನಾವು ಉಳಿಯುತ್ತೇವಾ? ಯಾರಾದರೂ ಪರೀಕ್ಷೆ ಮಾಡಿದ್ದಾರಾ?

ಮತ್ತೆ ಅದೇ ಪ್ರಶ್ನೆ! ಕೊಡಗಿನ ಗೋಣಿಕೊಪ್ಪ ಸಂತೆಯ ಬದನೆಗೆ ಹೆದರಬೇಡಿ, ಬಿಟಿ ಬದನೆಯನ್ನು (ಬಿಟಿ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ತಳಿ) ಕೇಂದ್ರ ಸರ್ಕಾರ 2010ರ ಫೆಬ್ರವರಿಯಲ್ಲೇ ತಡೆಹಿಡಿದಿದೆ. ಕಾನೂನುಬದ್ಧವಾಗಿ ರೈತರು ಇಲ್ಲಿ ಬೆಳೆಯುತ್ತಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಮಾತ್ರ, 2002ರಿಂದ.

ಈಗ ಆ 'ಹುಳು ಸತ್ತರೆ ನಾವೂ ಸಾಯುತ್ತೇವೆ' ಎಂಬ ವಾದಕ್ಕೆ ಬರೋಣ. ಇದನ್ನು ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಲೋಟ ಕಾಫಿ ಇರುತ್ತದೆ. ಕೆಫೀನ್ ಕೂಡ ಗಿಡ ತನ್ನನ್ನು ಕೀಟಗಳಿಂದ ಕಾಪಾಡಿಕೊಳ್ಳಲು ತಯಾರಿಸುವ ವಸ್ತುವೇ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಅದು ಸುಮಾರು ದುಪ್ಪಟ್ಟು. ವಿಷ ಯಾರಿಗೆ, ಎಷ್ಟು ಎಂದು ಕೇಳದೆ ಬರೀ 'ವಿಷ' ಎಂದರೆ ಅರ್ಥವಿಲ್ಲ.

ಬಿಟಿ ಹತ್ತಿ, ಬದನೆಗೆ ಸೇರಿಸಿದ್ದು ಕ್ರೈ1ಎಸಿ ಎಂಬ ಪ್ರೋಟೀನು. ಪತಂಗದ ಮರಿಹುಳುವಿನ ಕರುಳಿನ ಗೋಡೆಯಲ್ಲಿ ಅದು ಅಂಟಿಕೊಳ್ಳಲು ನಿರ್ದಿಷ್ಟ ಗ್ರಾಹಕಗಳಿವೆ. ಅಂಟಿದ ಮೇಲೆ ಕರುಳಿಗೆ ರಂಧ್ರ ಬೀಳುತ್ತದೆ, ಹುಳು ತಿನ್ನುವುದನ್ನು ನಿಲ್ಲಿಸಿ ಸಾಯುತ್ತದೆ. ಮನುಷ್ಯನ ಕರುಳಲ್ಲಿ ಆ ಗ್ರಾಹಕಗಳಿಲ್ಲ. ಅಷ್ಟೇಕೆ, ನಮ್ಮ ಕಾಫಿ ತೋಟದ ಬೆರಿ ಬೋರರ್ (ಕಾಯಿಕೊರಕ), ಬಿಳಿ ಕಾಂಡಕೊರಕ ಎರಡೂ ದುಂಬಿ ಜಾತಿಯವು, ಅವಕ್ಕೂ ಕ್ರೈ1ಎಸಿ ನಾಟುವುದಿಲ್ಲ. ಬೋರರ್‌ಗೇ ತಾಗದ್ದು ಬೋರರ್ ಹಿಡಿದ ತೋಟದ ಮಾಲೀಕರಿಗೆ ತಾಗುತ್ತದೆ ಎಂದು ಹೇಳುವ ಮೊದಲು ಸ್ವಲ್ಪ ಯೋಚಿಸಿ.

ಹಾಗಂತ ಇದನ್ನು ನಂಬಿಕೆಯ ಮೇಲೆ ಬಿಡುವುದಿಲ್ಲ. ಪೆಪ್ಸಿನ್ ಎಂಬ ಜೀರ್ಣಕಿಣ್ವ ಬೆರೆಸಿದ, ಪಿಎಚ್ 1.2ರ (ಅಂದರೆ ತುಂಬ ಹುಳಿಯಾದ) ಕೃತಕ ಜಠರರಸದಲ್ಲಿ 37 ಡಿಗ್ರಿ ಶಾಖದಲ್ಲಿ ಪ್ರೋಟೀನನ್ನು ಇಟ್ಟು, ಅದು ಎಷ್ಟು ಬೇಗ ಚೂರಾಗುತ್ತದೆ ಎಂದು ನೋಡುತ್ತಾರೆ. ಇಲಿಗಳಿಗೆ ದೇಹತೂಕದ ಪ್ರತಿ ಕೆ.ಜಿ.ಗೆ ಸಾಮಾನ್ಯವಾಗಿ 2000 ಮಿ.ಗ್ರಾಂ ಅಥವಾ ಅದಕ್ಕೂ ಹೆಚ್ಚು ಶುದ್ಧ ಪ್ರೋಟೀನು ಕುಡಿಸುತ್ತಾರೆ. 60 ಕೆ.ಜಿ. ಮನುಷ್ಯನಿಗೆ ಅದು 120 ಗ್ರಾಂ. ಕಾಯಿಯಲ್ಲಿರುವುದು ಗ್ರಾಂಗೆ ಮೈಕ್ರೋಗ್ರಾಂ ಲೆಕ್ಕ, ಅಂದರೆ ಅಷ್ಟು ಒಳಗೆ ಹೋಗಲು ಟನ್‌ಗಟ್ಟಲೆ ಬದನೆ ತಿನ್ನಬೇಕು. ಇಡೀ ಆಹಾರವನ್ನೇ ತಿನ್ನಿಸುವ 90 ದಿನಗಳ ಪರೀಕ್ಷೆ ಬೇರೆ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕೆಲ್ಲ 2008ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ನಿಜವಾಗಿ ಕಣ್ಣಿಡಬೇಕಾದದ್ದು ಅಲರ್ಜಿ. ಹೊಸ ಪ್ರೋಟೀನಿನ ಯಾವುದೇ 80 ಅಮೈನೋ ಆಮ್ಲಗಳ ತುಂಡು ಗೊತ್ತಿರುವ ಅಲರ್ಜಿಕಾರಕಕ್ಕೆ ಶೇ. 35ಕ್ಕಿಂತ ಹೆಚ್ಚು ಹೋಲಿದರೆ ಮುಂದಿನ ತನಿಖೆ ಬೇಕು. ಬ್ರೆಜಿಲ್ ನಟ್‌ನ ಜೀನ್ ಸೇರಿಸಿದ ಸೋಯಾ ಮಾರುಕಟ್ಟೆಗೆ ಬರಲೇ ಇಲ್ಲ. ಆ ನಟ್‌ಗೆ ಅಲರ್ಜಿ ಇದ್ದವರ ರಕ್ತದ ಸೀರಂ ಪರೀಕ್ಷೆಯಲ್ಲೇ ಅದು ಸಿಕ್ಕಿಬಿದ್ದಿತು. ವ್ಯವಸ್ಥೆ ಎಡವಿದ್ದೂ ಉಂಟು: ಅಮೆರಿಕದಲ್ಲಿ ಜನರ ಆಹಾರಕ್ಕಲ್ಲ, ಪ್ರಾಣಿಗಳ ಮೇವಿಗೆಂದು ಒಪ್ಪಿದ ಸ್ಟಾರ್‌ಲಿಂಕ್ ಎಂಬ ಬಿಟಿ ಮೆಕ್ಕೆಜೋಳ 2000ದಲ್ಲಿ ಜನರ ತಿಂಡಿಯಲ್ಲಿ ಸಿಕ್ಕಿ, ಸರಕನ್ನೆಲ್ಲ ವಾಪಸ್ ಪಡೆಯಬೇಕಾಯಿತು.

ಬೆಳೆಯಲ್ಲಿ ಮೊದಲೇ ಇರುವ ವಿಷ ಹೆಚ್ಚಿದೆಯೇ ಎಂದೂ ಅಳೆಯುತ್ತಾರೆ. ಹತ್ತಿಯಲ್ಲಿ ಅದು ಗಾಸಿಪಾಲ್. ಯಾರೂ ಕೇಳದ ಪ್ರಶ್ನೆ ಇಲ್ಲಿದೆ: ನಿಮ್ಮ ಹಸು ತಿನ್ನುವ ಹತ್ತಿಬೀಜದ ಹಿಂಡಿ ಬಹುತೇಕ ಬಿಟಿ ಹತ್ತಿಯದೇ. ಅದರ ಬಿಟಿ ಪ್ರೋಟೀನಿಗಿಂತ ಗಾಸಿಪಾಲ್ ಬಗ್ಗೆ ಎಚ್ಚರವಿರಲಿ. ಬೆಳೆದ ಹಸುವಿನ ಮೆಲುಕುಹೊಟ್ಟೆ ಅದನ್ನು ಬಹುಮಟ್ಟಿಗೆ ನಿಭಾಯಿಸುತ್ತದೆ, ಎಳೆ ಕರುವಿಗೆ, ಹಂದಿಗೆ ಆ ಶಕ್ತಿಯಿಲ್ಲ. ಉಳಿದ ಹಿಂಡಿಯನ್ನು ಹಂದಿಗೂಡಿಗೆ ಸುರಿಯುವ ಅಭ್ಯಾಸ ಬಿಡಿ.

ಇನ್ನು ನಮ್ಮ ಮಳೆಗೆ ಹಿಂಡಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗಬಹುದು, ಹಸು ತಿಂದ ಒಂದೆರಡು ದಿನದಲ್ಲೇ ಅದು ಎಂ1 ರೂಪದಲ್ಲಿ ಹಾಲಿಗೆ ಬರುತ್ತದೆ. ಕುದಿಸಿದರೂ ಹೋಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ, ಚೀಲವನ್ನು ಗೋಡೆಗೆ ಒರಗಿಸದೆ ಹಲಗೆಯ ಮೇಲಿಡಿ. ಗಂಟುಕಟ್ಟಿ ಹಸಿರು ಬೂಷ್ಟು ಹಿಡಿದದ್ದನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಹಾಕಿದರೂ ವಿಷ ಹಾಗೇ ಇರುತ್ತದೆ, ಎಸೆಯಿರಿ.