ಕಾರಿನ ಕೀ ಬ್ಯಾಟರಿ ನಾವೇ ಬದಲಿಸಿದರೆ ಕೋಡ್ ಅಳಿಸಿಹೋಗುತ್ತಾ?

ಪ್ರಶ್ನೆ: ಕಾರ್ ಸ್ಟಾರ್ಟ್ ಮಾಡಿದಾಗಲೆಲ್ಲ ಕೀ ಬ್ಯಾಟರಿ ಕಡಿಮೆ ಇದೆ ಅಂತ ಮೀಟರ್ ಪಕ್ಕ ತೋರಿಸುತ್ತಿದೆ. ನಾನೇ ಬಿಚ್ಚಿ ಹೊಸ ಸೆಲ್ ಹಾಕಬಹುದಾ? ಹಾಗೆ ಮಾಡಿದರೆ ಕೋಡ್ ಅಳಿಸಿಹೋಗುತ್ತೆ, ಆಮೇಲೆ ದುಡ್ಡು ಕೊಟ್ಟು ಪ್ರೋಗ್ರಾಮ್ ಮಾಡಿಸಬೇಕಾಗುತ್ತೆ ಅಂತ ಒಬ್ಬರು ಹೇಳಿದರು. ನಿಜವಾ?

ಧೈರ್ಯವಾಗಿ ನೀವೇ ಹಾಕಿ. ಕೋಡ್ ಎಲ್ಲಿಗೂ ಹೋಗುವುದಿಲ್ಲ.

ಈ ಭಯ ತುಂಬಾ ಜನರಿಗೆ ಇದೆ. ಕೀ ಒಳಗೆ ಏನಾಗುತ್ತದೆ ಅಂತ ಯಾರೂ ಬಿಡಿಸಿ ಹೇಳದೇ ಇರುವುದೇ ಅದಕ್ಕೆ ಕಾರಣ. ಒಂದೇ ಕೀ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ರಿಮೋಟ್ ಕೆಲಸ. ಲಾಕ್, ಅನ್‌ಲಾಕ್ ಬಟನ್ ಒತ್ತಿದಾಗ ಕೀ ಒಂದು ರೇಡಿಯೋ ಸಿಗ್ನಲ್ ಕಳಿಸುತ್ತದೆ, ನಮ್ಮ ದೇಶದ ಕಾರುಗಳಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಜ್ ಆಸುಪಾಸಿನಲ್ಲಿ. ಬ್ಯಾಟರಿ ಬೇಕಾಗುವುದು ಇದಕ್ಕೆ. ಎರಡನೆಯದು ಇಮೊಬಿಲೈಸರ್. ಇದು ಸರಿಯಾದ ಕೀ ಅಂತ ಗುರುತು ಹಿಡಿದು ಎಂಜಿನ್ ಸ್ಟಾರ್ಟ್ ಆಗಲು ಬಿಡುವ ವ್ಯವಸ್ಥೆ. ಇದರ ಚಿಪ್‌ಗೆ ಬ್ಯಾಟರಿಯೇ ಬೇಕಿಲ್ಲ. ಕೀ ತೂರಿಸುವ ಜಾಗದ ಸುತ್ತ ಅಥವಾ ಸ್ಟಾರ್ಟ್ ಬಟನ್ ಹತ್ತಿರ ಒಂದು ತಂತಿಯ ಸುರುಳಿ ಇರುತ್ತದೆ. ಅದು ಹುಟ್ಟಿಸುವ ಕಾಂತಕ್ಷೇತ್ರದಿಂದಲೇ ಚಿಪ್‌ಗೆ ಒಂದು ಕ್ಷಣಕ್ಕೆ ಬೇಕಾದಷ್ಟು ಕರೆಂಟ್ ಸಿಗುತ್ತದೆ, ಅಷ್ಟರಲ್ಲೇ ಅದು ಕಾರಿಗೆ ಉತ್ತರ ಕೊಟ್ಟು ಮುಗಿಸಿರುತ್ತದೆ.

ಇನ್ನು ಕೋಡ್ ವಿಷಯ. ಅದು ಪೆನ್‌ಡ್ರೈವ್‌ನಲ್ಲಿ ಫೋಟೋ ಉಳಿದ ಹಾಗೆ, ಕರೆಂಟ್ ಇಲ್ಲದಿದ್ದರೂ ಉಳಿಯುವ ಮೆಮೊರಿಯಲ್ಲಿದೆ. ಸೆಲ್ ತೆಗೆದು ಕೀಯನ್ನು ಒಂದು ವಾರ ಡ್ರಾಯರ್‌ನಲ್ಲಿ ಇಟ್ಟರೂ ಏನೂ ಆಗುವುದಿಲ್ಲ. ಕೆಲವು ಹಳೆಯ ಮಾಡೆಲ್‌ಗಳಲ್ಲಿ ಮಾತ್ರ ಸೆಲ್ ಬದಲಿಸಿದ ಮೇಲೆ ರಿಮೋಟ್ ಅನ್ನು ಒಮ್ಮೆ ಕಾರಿನ ಜೊತೆ ಹೊಂದಿಸಬೇಕಾಗಬಹುದು. ಕೀ ಹಾಕಿ ಇಗ್ನಿಷನ್ ಆನ್ ಮಾಡಿ ಬಟನ್ ಒತ್ತುವಂಥ ಸಣ್ಣ ಕೆಲಸ ಅದು, ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತಾರೆ. ಆಗಲೂ ಎಂಜಿನ್ ಸ್ಟಾರ್ಟ್ ಆಗುವುದಕ್ಕೆ ತೊಂದರೆ ಇಲ್ಲ.

ಸೆಲ್ ತರುವ ಮುಂಚೆ ಕೀ ಬಿಚ್ಚಿ ಹಳೆಯದರ ಮೇಲಿನ ನಂಬರ್ ನೋಡಿಕೊಳ್ಳಿ. ಸುಮ್ನೆ "ಕಾರ್ ಕೀ ಸೆಲ್ ಕೊಡಿ" ಅಂದರೆ ಅಂಗಡಿಯವರು ಜಾಸ್ತಿ ಓಡುವ ಸಿಆರ್2032 ಕೊಟ್ಟುಬಿಡುತ್ತಾರೆ. ನಿಮ್ಮ ಕೀಗೆ ಅದೇ ಬೇಕು ಅಂತೇನಿಲ್ಲ. ಆ ನಂಬರ್‌ನಲ್ಲೇ ಅಳತೆ ಇದೆ. 20 ಅಂದರೆ 20 ಮಿ.ಮೀ. ಅಗಲ, 32 ಅಂದರೆ 3.2 ಮಿ.ಮೀ. ದಪ್ಪ. ಸಿಆರ್2025 ಕೂಡ ಅಷ್ಟೇ ಅಗಲ, ಅದೂ 3 ವೋಲ್ಟ್, ಆದರೆ ದಪ್ಪ 2.5 ಮಿ.ಮೀ. ಮಾತ್ರ. 2032 ಇರಬೇಕಾದ ಕಡೆ 2025 ಹಾಕಿದರೆ ಮನೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡಬಹುದು, ಜೇಬಿನಲ್ಲಿ ಅಲ್ಲಾಡಿದಾಗ ಕಾಂಟ್ಯಾಕ್ಟ್ ತಪ್ಪಿ ಒಮ್ಮೆ ನಡೆಯುತ್ತದೆ, ಒಮ್ಮೆ ನಡೆಯುವುದಿಲ್ಲ, ಕೀಯೇ ಕೆಟ್ಟಿದೆ ಅಂತ ನೀವು ಅಂದುಕೊಳ್ಳುತ್ತೀರಿ. ತೆಳ್ಳಗಿನದರ ಜಾಗಕ್ಕೆ ದಪ್ಪದ್ದನ್ನು ಒತ್ತಿ ತುರುಕಿದರೆ ಒಳಗಿನ ತಗಡು ಬಾಗಿಹೋಗುತ್ತದೆ. ಕೆಲವು ಕೀಗಳಿಗೆ ಇನ್ನೂ ಚಿಕ್ಕದಾದ ಸಿಆರ್1620 ಬೇಕು. ಡಬ್ಬಿಯಲ್ಲಿ ಒಂದಕ್ಕೊಂದು ತಾಗಿಕೊಂಡು ಬಿದ್ದಿರುವ ಬಿಡಿ ಸೆಲ್ ತರಬೇಡಿ, ಅವು ಅಲ್ಲೇ ಅರ್ಧ ಖಾಲಿಯಾಗಿರಬಹುದು. ಕಂಪನಿ ಹೆಸರು, ದಿನಾಂಕ ಇರುವ ಸೀಲ್ ಪ್ಯಾಕ್ ತನ್ನಿ.

ಬಿಚ್ಚುವುದು ಹೇಗೆ? ಸ್ಟಾರ್ಟ್ ಬಟನ್ ಕಾರಿನ ಸ್ಮಾರ್ಟ್ ಕೀ ಆದರೆ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಸರಿಸಿ ಎಳೆದರೆ ಒಳಗಿನ ಲೋಹದ ಕೀ ಈಚೆ ಬರುತ್ತದೆ. ಸಾಮಾನ್ಯವಾಗಿ ಆ ಸಂದಿಯಲ್ಲೇ ಚಪ್ಪಟೆ ಸ್ಕ್ರೂಡ್ರೈವರ್ ಹಿಡಿಯುವ ಜಾಗ ಇರುತ್ತದೆ. ತುದಿಗೆ ಸ್ವಲ್ಪ ಟೇಪ್ ಸುತ್ತಿ ಮೆಲ್ಲಗೆ ತಿರುಗಿಸಿ, ಮೀಟಬೇಡಿ. ಟಕ್ ಅಂತ ಬಿಡುತ್ತದೆ. ಬಿಟ್ಟ ತಕ್ಷಣ ಒಂದು ಫೋಟೋ ತೆಗೆದುಕೊಳ್ಳಿ, ಸೆಲ್‌ನ ಪ್ಲಸ್ ಮೇಲಿದೆಯೋ ಕೆಳಗಿದೆಯೋ ಅಂತ ಆಮೇಲೆ ಒದ್ದಾಡಬೇಕಾಗಿಲ್ಲ. ಅಗಲವಾಗಿ, ನುಣ್ಣಗೆ, ಅಕ್ಷರ ಕೊರೆದಿರುವ ಮುಖವೇ ಪ್ಲಸ್. ಹಳೆಯದನ್ನು ಟೂತ್‌ಪಿಕ್‌ನಿಂದ ಎಬ್ಬಿಸಿ, ಹೊಸದನ್ನು ಅಂಚಿನಲ್ಲಿ ಹಿಡಿದು ಕೂರಿಸಿ.

ಹಳೆಯ ಕಾಲದ ರೀತಿ ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಕೀಯ ಪ್ಲಾಸ್ಟಿಕ್ ತಲೆಗೆ ಒಂದು ಸಣ್ಣ ಸ್ಟಾರ್ ಸ್ಕ್ರೂ ಇರಬಹುದು. ಇಲ್ಲಿ ದಯವಿಟ್ಟು ಹುಷಾರು. ಕೆಲವು ಕೀಗಳಲ್ಲಿ ನಾನು ಮೇಲೆ ಹೇಳಿದ ಇಮೊಬಿಲೈಸರ್ ಚಿಪ್ ಸರ್ಕ್ಯೂಟ್ ಬೋರ್ಡಿಗೆ ಅಂಟಿರುವುದಿಲ್ಲ. ಪ್ಲಾಸ್ಟಿಕ್‌ನ ಒಂದು ಗೂಡಿನಲ್ಲಿ ಬಿಡಿಯಾಗಿ ಕೂತಿರುತ್ತದೆ. ಕಪ್ಪು ಬಣ್ಣದ ಸಣ್ಣ ತುಂಡು, ಇಲ್ಲವೇ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ಕೊಳವೆ. ನೋಡಿದರೆ ಮುರಿದ ಪ್ಲಾಸ್ಟಿಕ್ ಚೂರು ಅನ್ನಿಸುತ್ತದೆ. ಅದು ಕೆಳಗೆ ಬಿದ್ದು ಗುಡಿಸಿಹೋದರೆ ರಿಮೋಟ್ ಚೆನ್ನಾಗಿ ಕೆಲಸ ಮಾಡುತ್ತದೆ, ಬಾಗಿಲು ತೆರೆಯುತ್ತದೆ, ಎಂಜಿನ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ. "ಬ್ಯಾಟರಿ ಬದಲಿಸಿದ್ದಕ್ಕೆ ಕೋಡ್ ಹೋಯಿತು" ಅನ್ನುವ ಮಾತು ಹುಟ್ಟಲು ಇದೂ ಒಂದು ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತದೆ. ಆದ್ದರಿಂದ ಬಿಳಿ ಬಟ್ಟೆ ಹಾಸಿಕೊಂಡು ಅದರ ಮೇಲೆ ಬಿಚ್ಚಿ.

ಹೊಸ ಸೆಲ್ ಹಾಕಿದರೂ ಬಾಗಿಲು ತೆರೆಯುತ್ತಿಲ್ಲವಾ? ಕೀಯ ಪುಟ್ಟ ದೀಪ ನೋಡಿ. ಅದು ಮಿನುಗದಿದ್ದರೆ ಸೆಲ್ ತಲೆಕೆಳಗಾಗಿದೆ ಅಥವಾ ತಗಡು ತಾಗುತ್ತಿಲ್ಲ. ಅದು ಚೆನ್ನಾಗಿ ಮಿನುಗುತ್ತಿದ್ದು ಕಾರ್ ಮಾತ್ರ ಅಲ್ಲಾಡದಿದ್ದರೆ ಕಾರಿನ ದೊಡ್ಡ 12 ವೋಲ್ಟ್ ಬ್ಯಾಟರಿಯನ್ನೂ ಅನುಮಾನಿಸಿ.

ದಾರಿಯ ಮಧ್ಯೆ ಸೆಲ್ ಪೂರ್ತಿ ಸತ್ತರೆ ಏನು ಗತಿ ಅನ್ನುವುದು ಮುಂದಿನ ಪ್ರಶ್ನೆ, ಅಲ್ವಾ? ಒಳಗಿನ ಲೋಹದ ಕೀಯಿಂದ ಬಾಗಿಲು ತೆಗೆಯಿರಿ. ಅಲಾರಾಂ ಕೂಗಿದರೆ ಗಾಬರಿಯಾಗಬೇಡಿ, ಕಾರ್ ಸ್ಟಾರ್ಟ್ ಆದರೆ ನಿಲ್ಲುತ್ತದೆ. ಆಮೇಲೆ ಕೀಯನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದು, ಬ್ರೇಕ್ ಒತ್ತಿ, ಮ್ಯಾನುಯಲ್ ಗಾಡಿಯಾದರೆ ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿ. ಹ್ಯುಂಡೈ, ಟೊಯೋಟಾದ ಹಲವು ಕಾರುಗಳಲ್ಲಿ ಹೀಗೇ ನಡೆಯುತ್ತದೆ. ಬೇರೆ ಕೆಲವು ಕಾರುಗಳಲ್ಲಿ ಕೀಯನ್ನು ಕಪ್ ಹೋಲ್ಡರ್‌ನಲ್ಲೋ ಸ್ಟೀರಿಂಗ್ ಕೆಳಗೋ ಇಡಬೇಕು. ನಿಮ್ಮ ಕಾರಿನಲ್ಲಿ ಆ ಜಾಗ ಎಲ್ಲಿದೆ ಅಂತ ಇವತ್ತೇ ಪುಸ್ತಕದಲ್ಲಿ ಹುಡುಕಿ, ಆ ಪುಟದ ಫೋಟೋ ಫೋನ್‌ನಲ್ಲಿ ಇಟ್ಟುಕೊಳ್ಳಿ. ರಾತ್ರಿ ಹೊತ್ತು ಘಾಟಿಯಲ್ಲಿ ನಿಂತಾಗ ನೆಟ್‌ವರ್ಕ್ ಇರುತ್ತದೆ ಅಂತ ನಂಬಿಕೊಳ್ಳಬೇಡಿ.

ಸೆಲ್ ಬೇಗ ಬೇಗ ಮುಗಿಯುತ್ತಿದ್ದರೆ ಕೀ ಎಲ್ಲಿ ಇಡುತ್ತೀರಿ ಅಂತಲೂ ನೋಡಿ. ನಮ್ಮ ಊರುಗಳಲ್ಲಿ ಕಾರ್ ಬಾಗಿಲ ಪಕ್ಕದಲ್ಲೇ ನಿಂತಿರುತ್ತದೆ, ಗೋಡೆಯ ಈಚೆ ಕೀ ಸ್ಟ್ಯಾಂಡ್. ಸ್ಮಾರ್ಟ್ ಕೀ ಕಾರಿನ ತೀರಾ ಹತ್ತಿರ ಇದ್ದರೆ ಕೆಲವು ಮಾಡೆಲ್‌ಗಳಲ್ಲಿ ಎರಡೂ ಆಗಾಗ ಮಾತಾಡಿಕೊಳ್ಳುತ್ತಲೇ ಇರುತ್ತವೆ. ಕೀಯನ್ನು ಒಳಗಿನ ಕೋಣೆಗೆ ಸರಿಸಿ.

ಕೊನೆಯದಾಗಿ, ತೆಗೆದ ಸೆಲ್ ಬಗ್ಗೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರಿಮೋಟ್‌ಗೆ ಸಾಲದಷ್ಟು ಖಾಲಿಯಾದ ಸೆಲ್‌ನಲ್ಲೂ ಮಗುವಿಗೆ ಅಪಾಯ ಮಾಡುವಷ್ಟು ವೋಲ್ಟೇಜ್ ಉಳಿದಿರುತ್ತದೆ. 20 ಮಿ.ಮೀ. ಸೆಲ್ ಪುಟ್ಟ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯ ಮಾಡಬಹುದು. ಮೇಜಿನ ಮೇಲೆ ಬಿಡದೆ, ಎರಡೂ ಮುಖಕ್ಕೆ ಟೇಪ್ ಸುತ್ತಿ, ಕೈಗೆಟುಕದ ಕಡೆ ಇಟ್ಟು ಇ-ವೇಸ್ಟ್ ತೆಗೆದುಕೊಳ್ಳುವ ಕಡೆ ಕೊಡಿ. ಮಗು ನುಂಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ಕಾಯಬೇಡಿ. ಎಕ್ಸ್‌ರೇ ಇರುವ ದೊಡ್ಡ ಆಸ್ಪತ್ರೆಗೆ ತಕ್ಷಣ ಓಡಿ ಅಥವಾ 108ಕ್ಕೆ ಫೋನ್ ಮಾಡಿ. ಒಂದು ವರ್ಷ ದಾಟಿದ ಮಗುವಾಗಿದ್ದು, ನುಂಗಿ 12 ಗಂಟೆಯೊಳಗಾಗಿದ್ದರೆ, ಮಗು ನುಂಗಬಲ್ಲದು ಅಂತಾದರೆ, ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಅದು ಸುಡುವುದನ್ನು ನಿಧಾನ ಮಾಡುತ್ತದೆ. ಜೇನುತುಪ್ಪ ಮನೆಯಲ್ಲಿ ಇಲ್ಲದಿದ್ದರೆ ಹುಡುಕುತ್ತಾ ನಿಲ್ಲಬೇಡಿ, ಹೊರಟುಬಿಡಿ.