ಅರೆಕೆಟ್ಟ ರೋಬೋಟ್ ಮತ್ತು ದೇಹದ ರೋಗನಿರೋಧಕ ಪಾಠ

ನೂರಾರು ಸರಳ ರೋಬೋಟ್‌ಗಳು ನಾಯಕನಿಲ್ಲದೆ, ನೆರೆಯವುಗಳನ್ನಷ್ಟೇ ಗಮನಿಸುತ್ತ ಕೂಡಿ ದುಡಿಯುವ ಕಲ್ಪನೆ 1980ರ ದಶಕದ ಕೊನೆಗೆ ರೂಪುಗೊಂಡಿತು. ಅದರೊಂದಿಗೇ ಒಂದು ನಂಬಿಕೆಯೂ ಬೆಳೆಯಿತು: ಸಂಖ್ಯೆ ದೊಡ್ಡದಿದ್ದರೆ ಕೆಲವು ಕೆಟ್ಟರೂ ಕೆಲಸ ನಿಲ್ಲದು.

ಈ ನಂಬಿಕೆಯನ್ನು 2006ರಲ್ಲಿ ರೋಬೋಟ್ ಸಂಶೋಧಕರಾದ ಅಲನ್ ವಿನ್‌ಫೀಲ್ಡ್ ಮತ್ತು ಜೂಲಿಯನ್ ನೆಂಬ್ರಿನಿ ಒಂದೊಂದು ಬಗೆಯ ದೋಷವನ್ನೂ ಬಿಡಿಬಿಡಿಯಾಗಿ ವಿಶ್ಲೇಷಿಸಿ ಪರಿಶೀಲಿಸಿದರು. ಪೂರ್ತಿ ನಿಷ್ಕ್ರಿಯವಾದ ರೋಬೋಟ್‌ನಿಂದ ಹೆಚ್ಚಿನ ಹಾನಿಯಿಲ್ಲ. ಉಳಿದವು ಅದನ್ನು ಅಡ್ಡಿಯೆಂದು ಬಗೆದು ಸುತ್ತಿಕೊಂಡು ಮುಂದೆ ಹೋಗುತ್ತವೆ. ಆದರೆ ಮೋಟಾರು ಮಾತ್ರ ಕೆಟ್ಟು ಸಂಪರ್ಕ ಸುಸ್ಥಿತಿಯಲ್ಲಿದ್ದರೆ, ನೆರೆಯವು ಅದನ್ನು ಇನ್ನೂ ತಮ್ಮದೆಂದೇ ಎಣಿಸಿ ಬಿಟ್ಟುಹೋಗಲಾರದೆ, ಬೆಳಕಿನತ್ತ ಸಾಗಬೇಕಾದ ಇಡೀ ಗುಂಪು ಲಂಗರು ಹಾಕಿದಂತೆ ನಿಂತುಬಿಡಬಹುದು. ಗುಂಪು ಹಿಗ್ಗಿದಷ್ಟೂ ಇಂಥ ಅರೆದೋಷಗಳು ಹೆಚ್ಚಿ, ಒಂದು ಮಿತಿಯಾಚೆ ವಿಶ್ವಾಸಾರ್ಹತೆ ಕುಸಿಯುತ್ತದೆಂದು ವಿನ್‌ಫೀಲ್ಡ್ ಮತ್ತು ಬಿಯರ್ಕ್‌ನೆಸ್ ಮುಂದೆ ತೋರಿಸಿದರು. ಈ ಕ್ಷೇತ್ರದ ಅತ್ಯಂತ ಮಹತ್ವದ ತಿರುವು ಇದೇ ಎಂಬುದು ನನ್ನ ಅಭಿಪ್ರಾಯ.

ಇಂಥ ದೋಷಗಳನ್ನು ನಿಭಾಯಿಸಲು ಮಾದರಿಯಾಗಬಲ್ಲ ದೇಹದ ರೋಗನಿರೋಧಕ ವ್ಯವಸ್ಥೆಯತ್ತ ಗಣಕ ವಿಜ್ಞಾನಿಗಳ ಕಣ್ಣು ಅದಕ್ಕೂ ಮುಂಚೆ ಹರಿದಿತ್ತು. 1994ರಲ್ಲಿ ಸ್ಟೆಫನಿ ಫಾರೆಸ್ಟ್ ಮತ್ತು ಸಂಗಡಿಗರು, ದೇಹವು ತನ್ನದನ್ನು ಪರಕೀಯದಿಂದ ಬೇರ್ಪಡಿಸುವ ರೀತಿಯನ್ನು ಗಣಕದ ವೈರಸ್ ಪತ್ತೆಗೆ ಅಳವಡಿಸಿದ್ದರು. ಆ ವಿಧಾನ ಬಳಸಲು ಸಹಜವಾದದ್ದು ಯಾವುದೆಂದು ಮೊದಲೇ ಗೊತ್ತಿರಬೇಕು. ಕೆಲಸ ಬದಲಾದಂತೆ ನಡವಳಿಕೆಯೂ ಬದಲಾಗುವ ರೋಬೋಟ್ ಸಮೂಹದಲ್ಲಿ ಹಾಗೆ ಗೊತ್ತಿರುವುದಿಲ್ಲ.

ಜಾನ್ ಟಿಮಿಸ್ ಮತ್ತು ಸಹೋದ್ಯೋಗಿಗಳು ಬೇರೊಂದು ಜಾಡು ಹಿಡಿದರು. ಕ್ಷಯದ ಸೋಂಕು ತಗುಲಿದ ಜೀವಕೋಶಗಳನ್ನು ಇತರ ರಕ್ಷಣಾ ಕೋಶಗಳು ಸುತ್ತುಗಟ್ಟಿ ರಚಿಸುವ ಗಂಟು, ಅಂದರೆ ಗ್ರಾನುಲೋಮಾ, ಅವರಿಗೆ ಮಾದರಿಯಾಯಿತು. ಬ್ಯಾಟರಿ ಬತ್ತಿದ ರೋಬೋಟ್ ಸಂಕೇತ ಕೊಟ್ಟಾಗ ಬೇಕಾದಷ್ಟೇ ನೆರೆಯವು ಅದನ್ನು ಸುತ್ತುವರಿದು ಶಕ್ತಿ ಹಂಚುತ್ತವೆ, ಉಳಿದವು ಮುಂದೆ ಸಾಗುತ್ತವೆ. ದೋಷವನ್ನು ಹೊರಹಾಕುವುದಕ್ಕಿಂತ ಅದನ್ನು ಪ್ರತ್ಯೇಕಿಸಿ ಉಪಚರಿಸುವ ಈ ವಿಧಾನ ನನಗೆ ಹೆಚ್ಚು ಆಳವಾದದ್ದಾಗಿ ಕಾಣುತ್ತದೆ.

ಆದರೆ ತನ್ನ ದೋಷವನ್ನು ತಾನೇ ಅರಿಯದ ರೋಬೋಟ್ ಸಂಕೇತ ಕೊಡಲಾರದು. ಈ ಕೊರತೆಗೆ ದಾನೇಶ್ ತಾರಾಪೋರ್ ಮತ್ತು ಸಂಗಡಿಗರು 2015ರಲ್ಲಿ ದೇಹದ ರಕ್ಷಣಾ ಕೋಶಗಳ ಒಂದು ಬಗೆಯಾದ ಟಿ ಜೀವಕೋಶಗಳ ಮಾದರಿಯಿಂದ ಉತ್ತರ ಹುಡುಕಿದರು. ಆಕ್ರಮಿಸುವ ಕೋಶಗಳನ್ನು ನಿಯಂತ್ರಕ ಕೋಶಗಳು ಹತೋಟಿಯಲ್ಲಿಡುವಂತೆಯೇ, ಹೆಚ್ಚಿನ ನೆರೆಯವುಗಳಲ್ಲಿ ಕಾಣುವ ನಡವಳಿಕೆಯನ್ನು ಪ್ರತಿ ರೋಬೋಟ್ ಸಹಿಸುತ್ತದೆ, ವಿರಳವಾದದ್ದನ್ನು ದೋಷವೆಂದು ಗುರುತಿಸುತ್ತದೆ. ಇಡೀ ಗುಂಪು ಒಟ್ಟಿಗೆ ನಡೆ ಬದಲಿಸಿದರೆ ತಪ್ಪು ಎಚ್ಚರಿಕೆ ಏಳುವುದಿಲ್ಲ. ಇದೇ ತರ್ಕದಿಂದ, ಬಹುಪಾಲು ರೋಬೋಟ್‌ಗಳು ಒಂದೇ ಬಗೆಯಲ್ಲಿ ಕೆಟ್ಟರೆ ಆ ದೋಷವೇ ಸಹಜವೆನಿಸಿ, ಸರಿಯಾಗಿರುವ ಕೆಲವೇ ರೋಬೋಟ್‌ಗಳು ಅನುಮಾನಕ್ಕೆ ಒಳಗಾಗುತ್ತವೆ.