ಬೈಪ್ಯಾಪ್ ಹಾಕಿದ ರೋಗಿ ಎಲ್ಲಿರಬೇಕು: ಐಸಿಯುನಲ್ಲೋ ವಾರ್ಡಿನಲ್ಲೋ?

ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇರುವವರಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ತಂದು ಮುಖಕ್ಕೆ ಬೈಪ್ಯಾಪ್ ಮಾಸ್ಕ್, ಅಂದರೆ ಯಂತ್ರದಿಂದ ಒತ್ತಡದ ಗಾಳಿ ಕೊಡುವ ಮಾಸ್ಕ್, ಕಟ್ಟಿದರೆ ಸಾಕು, ಮನೆಯವರು ಕಂಗಾಲಾಗುತ್ತಾರೆ. 'ವೆಂಟಿಲೇಟರ್ ಹಾಕಿದ್ರು, ಇನ್ನು ಮುಗೀತು' ಅಂತ ಒಬ್ಬರು. 'ಇಷ್ಟು ಸೀರಿಯಸ್ ಇದ್ರೂ ಐಸಿಯುಗೆ ಯಾಕೆ ಹಾಕಿಲ್ಲ?' ಅಂತ ಇನ್ನೊಬ್ಬರು. ಮೊದಲನೆಯ ಮಾತು ಪೂರ್ತಿ ತಪ್ಪು. ಗಂಟಲಿಗೆ ಟ್ಯೂಬ್ ಇಳಿಸುವ ಪರಿಸ್ಥಿತಿ ಬಾರದಿರಲಿ ಅಂತಲೇ ಈ ಮಾಸ್ಕ್ ಇರುವುದು. ಎರಡನೆಯದು ಕೇಳಲೇಬೇಕಾದ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಕೋಣೆಯ ಹೆಸರು ನೋಡಿ ಸಿಗುವುದಿಲ್ಲ.

ಮೊದಲು ಮಾಸ್ಕ್ ಏನು ಮಾಡುತ್ತದೆ ನೋಡೋಣ, ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಅದೇ. ಸಿಒಪಿಡಿಯಲ್ಲಿ ಗಾಳಿ ಒಳಗೆ ಬರುತ್ತದೆ, ಪೂರ್ತಿ ಹೊರಗೆ ಹೋಗುವುದಿಲ್ಲ. ಉಸಿರು ಬಿಟ್ಟು ಮುಗಿಯುವ ಮೊದಲೇ ಮುಂದಿನ ಉಸಿರು ಶುರುವಾಗುತ್ತದೆ. ಹೀಗೆ ಸಿಕ್ಕಿಕೊಂಡ ಗಾಳಿ ಎದೆಯೊಳಗೆ ಒತ್ತಡ ಹುಟ್ಟಿಸುತ್ತದೆ. ಬಾವಿಯ ಹಗ್ಗ ಸಡಿಲವಾಗಿದ್ದರೆ ಮೊದಲ ನಾಲ್ಕು ಎಳೆತಕ್ಕೆ ಕೊಡ ಅಲ್ಲಾಡುವುದೇ ಇಲ್ಲ, ಅಲ್ವಾ? ಇಲ್ಲೂ ಹಾಗೇ. ಪ್ರತಿ ಉಸಿರಿನ ಮೊದಲ ಶ್ರಮವೆಲ್ಲ ಆ ಒತ್ತಡ ಮೀರುವುದಕ್ಕೇ ಖರ್ಚಾಗುತ್ತದೆ, ಗಾಳಿ ಮಾತ್ರ ಒಳಗೆ ಬಂದಿರುವುದಿಲ್ಲ. ಬೈಪ್ಯಾಪ್ ಉಸಿರು ಬಿಡುವಾಗಲೂ ಸ್ವಲ್ಪ ಒತ್ತಡ ಉಳಿಸಿಕೊಂಡು ಈ ಸಡಿಲ ಹಗ್ಗವನ್ನು ಬಿಗಿ ಮಾಡಿಡುತ್ತದೆ. ಉಸಿರು ಎಳೆಯುವಾಗ ಇನ್ನೂ ಜಾಸ್ತಿ ಒತ್ತಿ, ಸೋತ ಸ್ನಾಯುಗಳ ಕೆಲಸ ಹಂಚಿಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗತೊಡಗುತ್ತದೆ, ರಕ್ತದ ಆಮ್ಲತೆ ಇಳಿಯುತ್ತದೆ.

ಆಮ್ಲತೆಯನ್ನು ಅಳೆಯುವುದು ಪಿಎಚ್‌ನಿಂದ. ಆರೋಗ್ಯವಂತರಲ್ಲಿ ಅದು 7.35ರಿಂದ 7.45ರ ನಡುವೆ. 7.35ರಿಂದ 7.25ಕ್ಕೆ ಇಳಿದರೆ 'ಪಾಯಿಂಟ್ ಒಂದು ತಾನೇ' ಅನ್ನಿಸಬಹುದು. ಆದರೆ ಆ ಇಳಿತ ಅಂದರೆ ಆಮ್ಲದ ಕಣಗಳು ಕಾಲು ಭಾಗದಷ್ಟು ಹೆಚ್ಚಿದವು ಅಂತ. ರೋಗಿಯನ್ನು ಎಲ್ಲಿ ಇಡಬೇಕು ಅನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಅಂಕಿಯೇ.

2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂತು. 14 ಆಸ್ಪತ್ರೆ, 236 ರೋಗಿಗಳು, ಪಿಎಚ್ 7.25ರಿಂದ 7.35. ಮಾಸ್ಕ್ ಹಾಕಿದ್ದು ಐಸಿಯುನಲ್ಲಿ ಅಲ್ಲ, ಸಾಮಾನ್ಯ ವಾರ್ಡಿನಲ್ಲಿ, ತರಬೇತಿ ಪಡೆದ ವಾರ್ಡಿನ ನರ್ಸುಗಳೇ ನೋಡಿಕೊಂಡರು. ಮಾಸ್ಕ್ ಹಾಕದೆ ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗೆ ಹೋಲಿಸಿದರೆ, ಟ್ಯೂಬ್ ಬೇಕಾಗುವಷ್ಟು ಹದಗೆಟ್ಟವರು ಶೇ. 27ರಿಂದ 15ಕ್ಕೆ ಇಳಿದರು. ಆಸ್ಪತ್ರೆಯಲ್ಲಿ ತೀರಿಕೊಂಡವರು ಶೇ. 20ರಿಂದ 10ಕ್ಕೆ. ಅಂದರೆ ವಾರ್ಡಿನಲ್ಲೂ ಜೀವ ಉಳಿಯುತ್ತದೆ. ಆದರೆ ಪಿಎಚ್ 7.30ಕ್ಕಿಂತ ಕೆಳಗಿದ್ದವರಿಗೆ ಅಲ್ಲಿ ಅಷ್ಟು ಲಾಭ ಕಾಣಲಿಲ್ಲ. ಅವರಿಗೆ ಐಸಿಯು, ಇಲ್ಲವೇ ಅದಕ್ಕೂ ವಾರ್ಡಿಗೂ ನಡುವಿನ ಎಚ್‌ಡಿಯು ಸರಿಯಾದ ಜಾಗ. ಮಂಪರು ಜೋರಾಗಿದ್ದರೆ, ವಾಂತಿ ನಿಲ್ಲದಿದ್ದರೆ, ಜೊತೆಗೆ ದೊಡ್ಡ ನ್ಯುಮೋನಿಯಾ ಇದ್ದರೂ ಅಷ್ಟೇ.

ಐಸಿಯು ಅಂದರೆ ಯಂತ್ರಗಳ ಕೋಣೆ ಅನ್ನುವ ಕಲ್ಪನೆ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅದು ಹುಟ್ಟಿದ ಕಥೆ ಬೇರೆಯೇ ಇದೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿದಾಗ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟೇ ಇದ್ದವು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ರೋಗಿಗಳ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ವೈದ್ಯ ವಿದ್ಯಾರ್ಥಿಗಳನ್ನು ಪಕ್ಕದಲ್ಲಿ ಕೂರಿಸಿದರು. ಅವರು ಪಾಳಿಯಲ್ಲಿ ಹಗಲೂ ರಾತ್ರಿ ರಬ್ಬರ್ ಚೀಲ ಒತ್ತಿ ಉಸಿರು ಕೊಟ್ಟರು. ಇಂದಿನ ಐಸಿಯುಗೆ ಅದೇ ಬೇರು. ರೋಗಿ ಉಳಿದದ್ದು ಪಕ್ಕದಲ್ಲೊಬ್ಬರು ಸದಾ ಇದ್ದದ್ದರಿಂದ.

ಬೈಪ್ಯಾಪ್‌ನಲ್ಲೂ ಮೊದಲ ಗಂಟೆಗಳು ಹೀಗೇ ಕೈಕೆಲಸ ಕೇಳುತ್ತವೆ. ಉಸಿರಿಗೆ ಒದ್ದಾಡುವವರ ಮುಖಕ್ಕೆ ಜೋರಾಗಿ ಗಾಳಿ ಬಂದರೆ ಅವರು ಕಿತ್ತೆಸೆಯಲು ಹೋಗುತ್ತಾರೆ. ಅನುಭವಸ್ಥ ನರ್ಸ್ ತಕ್ಷಣ ಪಟ್ಟಿ ಕಟ್ಟುವುದಿಲ್ಲ. ಮಾಸ್ಕನ್ನು ಕೈಯಲ್ಲೇ ಮುಖಕ್ಕೆ ಹಿಡಿದು, ಮಾತಾಡಿಸುತ್ತಾ, ಉಸಿರು ಯಂತ್ರಕ್ಕೆ ಹೊಂದಿಕೊಂಡ ಮೇಲೆ ಕಟ್ಟುತ್ತಾರೆ. ಗಾಳಿ ಕಣ್ಣಿಗೆ ಸೋರುತ್ತಿದೆಯಾ, ಮೂಗಿನ ಮೇಲೆ ಚರ್ಮ ಕೆಂಪಾಗಿದೆಯಾ, ರಕ್ತದ ಆಕ್ಸಿಜನ್ ಶೇ. 88ರಿಂದ 92ರೊಳಗೆ ಇದೆಯಾ ನೋಡುತ್ತಿರುತ್ತಾರೆ. ಹೌದು, 100 ಮಾಡಬೇಕಿಲ್ಲ. ಈ ರೋಗಿಗಳಿಗೆ ಆಕ್ಸಿಜನ್ ಜಾಸ್ತಿಯಾದರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು.

ಒಂದು ಗಂಟೆಯ ನಂತರ ಧಮನಿಯ ರಕ್ತ ಮತ್ತೆ ಪರೀಕ್ಷಿಸಬೇಕು. ಪಿಎಚ್ ಮೇಲೆ ಬರುತ್ತಿದ್ದು ಉಸಿರಾಟದ ವೇಗ ಇಳಿಯುತ್ತಿದ್ದರೆ ವಾರ್ಡಿನಲ್ಲೇ ಮುಂದುವರಿಸಬಹುದು. ಬರದಿದ್ದರೆ ಮಾಸ್ಕ್ ಸರಿಪಡಿಸಿ, ಒತ್ತಡ ಬದಲಿಸಿ ನೋಡಬೇಕು. ನಾಲ್ಕು ಗಂಟೆಯ ಹೊತ್ತಿಗೂ ಜಗ್ಗದಿದ್ದರೆ ಟ್ಯೂಬಿನ ತೀರ್ಮಾನ ಎಳೆಯಬಾರದು. ಹಾಗಾಗಿ ಎಚ್‌ಡಿಯು ಇಲ್ಲದ ಆಸ್ಪತ್ರೆಯಲ್ಲಿ ಹತ್ತು ವಾರ್ಡಿಗೆ ಹತ್ತು ಯಂತ್ರ ಹಂಚುವುದಕ್ಕಿಂತ, ಒಂದೇ ವಾರ್ಡಿನ ಒಂದು ಮೂಲೆಯಲ್ಲಿ ಬೈಪ್ಯಾಪ್ ಮಂಚಗಳನ್ನೆಲ್ಲ ಸೇರಿಸಿ, ಇಬ್ಬರು ರೋಗಿಗೊಬ್ಬ ನರ್ಸ್ ಇಡುವುದು ಒಳ್ಳೆಯದು ಅಂತ ನನ್ನ ದೃಢ ನಂಬಿಕೆ. ದಿನಾ ಮಾಡುವ ಕೈ ಪಳಗುತ್ತದೆ. ತಿಂಗಳಿಗೊಮ್ಮೆ ಮಾಸ್ಕ್ ಕಟ್ಟುವವರಿಗೆ ಸೋರಿಕೆಯೂ ಕಾಣುವುದಿಲ್ಲ. ಐಸಿಯು ಮಂಚ ಖಾಲಿಯಾಗಲಿ ಅಂತ ಮಾಸ್ಕ್ ಹಾಕದೆ ಕಾಯುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಎಮರ್ಜೆನ್ಸಿಯಲ್ಲೇ ಶುರು ಮಾಡಿ, ಮಂಚ ಸಿಕ್ಕಾಗ ಮಾಸ್ಕ್ ಸಮೇತ ಸಾಗಿಸಬಹುದು.